3060 ಗ್ರಾಫಿಕ್ಸ್ ಕಾರ್ಡು ಇರುವವರು 5060ಕ್ಕೆ ಹೋಗಬೇಕಾ? ಗೊತ್ತಿದ್ದವರು ಹೇಳಿ

ನೀರ್ಚಾಲು ಮಾಣಿ:

ಎಲ್ಲರಿಗೂ ನಮಸ್ಕಾರ. ನನ್ನ ಪಿಸಿ 2021ರದ್ದು. ರೈಝೆನ್ 5 3600 ಪ್ರೊಸೆಸರ್, ಬಿ450 ಬೋರ್ಡು, 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3060 12 ಜಿಬಿ ಕಾರ್ಡು, ಕರೆಂಟು ಕೊಡುವ 550 ವ್ಯಾಟಿನ ಎಸ್‌ಎಂಪಿಎಸ್. ಮಾನಿಟರ್ 24 ಇಂಚಿನ 1080ಪಿ, 60 ಹರ್ಟ್ಸ್. ಇತ್ತೀಚೆಗೆ ಹೊಸ ಆಟಗಳು ಸ್ವಲ್ಪ ತಡವರಿಸುತ್ತವೆ, ಆಟದ ವಿಡಿಯೋ ಎಡಿಟ್ ಮಾಡುವಾಗಂತೂ ಟೈಮ್‌ಲೈನ್ ಕುಂಟುತ್ತದೆ. ದುಬೈಯಲ್ಲಿರುವ ಭಾವ ಮುಂದಿನ ತಿಂಗಳು ಬರುತ್ತಾನೆ, "ಎಂತ ತರಬೇಕು, ಬೇಗ ಹೇಳು" ಅಂತ ದಿನಾ ಮೆಸೇಜು. ಅಡಿಕೆ ಕೊಟ್ಟ ದುಡ್ಡು ಸ್ವಲ್ಪ ಕೈಯಲ್ಲಿ ಉಂಟು. ಅಪ್ಪನದು ಒಂದೇ ಮಾತು, "ಓಡುವುದನ್ನು ಯಾಕೆ ಬದಲಿಸುವುದು?" ಹಳೆ ಕಾರ್ಡು ಮಾರಿ 5060 ತೆಗೆದುಕೊಂಡರೆ ಲಾಭ ಉಂಟಾ, ಅಲ್ಲ ಸುಮ್ನೆ ಖರ್ಚಾ?

ಕುಂಬಳೆಯ ಸ್ಕ್ರೂಡ್ರೈವರ್:

ಅಪ್ಪ ಹೇಳಿದ್ದು ಸರಿ. ವೇಗ ಮಾತ್ರ ನೋಡಿದರೆ 5060 ನಿಮ್ಮ 3060ಕ್ಕಿಂತ ಮುಂದೆಯೇ, 1080ಪಿಯಲ್ಲಿ ಸುಮಾರು ಶೇಕಡಾ 40ರಷ್ಟು ಜಾಸ್ತಿ ಬರುತ್ತದೆ. ಕರೆಂಟೂ ಕಡಿಮೆ, 170 ವ್ಯಾಟಿನ ಜಾಗದಲ್ಲಿ 145. ಆದರೆ ಮೆಮೊರಿ ನೋಡಿ, 12 ಜಿಬಿಯಿಂದ 8 ಜಿಬಿಗೆ ಇಳಿಯುತ್ತೀರಿ. ದುಡ್ಡು ಕೊಟ್ಟು ಕಡಿಮೆ ತರುವುದು! ಅದಕ್ಕಿಂತ ದೊಡ್ಡ ಕಿರಿಕಿರಿ ನಿಮ್ಮ ಬೋರ್ಡಿನದು. ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಹೋಗುವ ದಾರಿಗೆ ಪಿಸಿಐಇ ಅಂತಾರೆ, ಅದರ ಸಾಲುಗಳೇ ಲೇನು. 5060ಕ್ಕೆ ಇರುವುದು ಎಂಟೇ ಲೇನು, ಬಿ450 ಹಳೆಯ ಪಿಸಿಐಇ 3.0ರಲ್ಲಿ ನಿಲ್ಲುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ ಹೋಗುವ ದಾರಿ. ನಿಮ್ಮ 3060ಕ್ಕೆ ಹದಿನಾರು ಲೇನು ಇರುವುದರಿಂದ ಅದೇ ಬೋರ್ಡಿನಲ್ಲಿ ಇದರ ಎರಡರಷ್ಟು ಸಿಗುತ್ತದೆ. ಕಾರ್ಡಿನ ಮೆಮೊರಿ ಸಾಲುವ ತನಕ ಇದು ಗೊತ್ತೇ ಆಗುವುದಿಲ್ಲ. 8 ಜಿಬಿ ತುಂಬಿ ಉಳಿದದ್ದು ರ‍್ಯಾಮಿಗೆ ಚೆಲ್ಲಿದಾಗ ಎಲ್ಲವೂ ಆ ಸಣ್ಣ ದಾರಿಯಲ್ಲೇ ಹೋಗಿ ಬರಬೇಕು, ಆಗ ಆಟ ಗಕ್ಕನೆ ನಿಂತು ಮತ್ತೆ ಹೊರಡುತ್ತದೆ.

ಮತ್ತೆ ಕಂಪನಿ ತೋರಿಸುವ ಆ ಫ್ರೇಮ್ ಜನರೇಶನ್ ಗ್ರಾಫ್ ನೋಡಿ ಮರುಳಾಗಬೇಡಿ. 2025ರ ಜನವರಿಯಲ್ಲಿ ಈ ಕಾರ್ಡುಗಳನ್ನು ಮಾಡುವ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆ ಮೇಲೆ ನಿಂತು 549 ಡಾಲರಿನ 5070ರಲ್ಲಿ ಹಿಂದಿನ ಸರಣಿಯ ಅತಿ ದುಬಾರಿ ಕಾರ್ಡಾದ 4090ರ ವೇಗ ಸಿಗುತ್ತದೆ ಅಂದರಲ್ಲ, ಆ ಲೆಕ್ಕ ಬಂದದ್ದು ಇಲ್ಲಿಂದಲೇ. ಕಾರ್ಡು ಒಂದು ಫ್ರೇಮ್, ಅಂದರೆ ಚಿತ್ರ, ನಿಜವಾಗಿ ಬಿಡಿಸುತ್ತದೆ, ನಡುವೆ ಮೂರನ್ನು ಊಹಿಸಿ ತುಂಬಿಸುತ್ತದೆ. ನಿಮ್ಮದು 60 ಹರ್ಟ್ಸ್ ಮಾನಿಟರ್, ಸೆಕೆಂಡಿಗೆ 60 ಫ್ರೇಮು ಮಾತ್ರ ತೋರಿಸುತ್ತದೆ. ಅದರಲ್ಲಿ ನಾಲ್ಕು ಪಟ್ಟು ಹಾಕಿ 60ಕ್ಕೆ ಕಟ್ಟಿದರೆ ನಿಜವಾದ ಫ್ರೇಮು ಹದಿನೈದೇ, ಮೌಸ್ ತಿರುಗಿಸಿದರೆ ಕೆಸರಿನಲ್ಲಿ ನಡೆದ ಹಾಗೆ. ಡಿಎಲ್‌ಎಸ್‌ಎಸ್ 4ರ ಹೊಸ ಅಪ್‌ಸ್ಕೇಲಿಂಗ್ ಮಾಡೆಲ್ (ಸಣ್ಣದಾಗಿ ಬಿಡಿಸಿದ ಚಿತ್ರವನ್ನು ದೊಡ್ಡದು ಮಾಡಿ ತೋರಿಸುವುದು) ಹಳೆ ಆರ್‌ಟಿಎಕ್ಸ್ ಕಾರ್ಡುಗಳಿಗೂ ಸಿಗುತ್ತದೆ, ಅದನ್ನು ಹಾಕಿ ನೋಡಿದ್ದೀರಾ? ಡ್ರೈವರ್ ಅಪ್‌ಡೇಟ್ ಮಾಡಿ ಎನ್ವಿಡಿಯಾ ಆ್ಯಪಿನಲ್ಲಿ ಅದನ್ನು ಆರಿಸಿದರೆ ಆಯಿತು, ಬಿಟ್ಟಿ.

ಪೆರ್ಲ ಗೇಮರ್:

ಎಲ್ಲರಿಗೂ ಒಂದೇ ಉತ್ತರ ಇಲ್ಲ ಮಾರಾಯ್ರೆ. ನಾನು 4 ಜಿಬಿಯ ಹಳೆ 1650 ಕಾರ್ಡಿನಿಂದ 5060ಕ್ಕೆ ಬಂದೆ, ನನಗೆ ಒಂದು ರೂಪಾಯಿಯೂ ದಂಡ ಅನಿಸಲಿಲ್ಲ. ಆದರೆ ಒಂದು ಎಡವಟ್ಟು ಆಯಿತು. 1650ಕ್ಕೆ ಬೇರೆ ಪವರ್ ವಯರು ಬೇಕಿರಲಿಲ್ಲ, ಸ್ಲಾಟಿನಿಂದ ಬರುವ 75 ವ್ಯಾಟೇ ಸಾಕಿತ್ತು. ಹೊಸದನ್ನು ಕೂರಿಸಿ ನೋಡಿದರೆ ಎಂಟು ಪಿನ್ನಿನ ಬಾಯಿ, ನನ್ನ ಎಸ್‌ಎಂಪಿಎಸ್‌ನಲ್ಲಿ ಅದಕ್ಕೆ ಹಾಕುವ ವಯರೇ ಇಲ್ಲ. ಆದಿತ್ಯವಾರ ಬೇರೆ, ಅಂಗಡಿ ಬಂದ್. ಕಾರ್ಡು ಪೆಟ್ಟಿಗೆಯ ಮೇಲೆ, ನಾನು ಅದರ ಎದುರು. ನಿಮಗೆ ಆ ತೊಂದರೆ ಇಲ್ಲ, 3060 ಓಡಿಸಿದ ಎಸ್‌ಎಂಪಿಎಸ್ ಇದನ್ನೂ ಓಡಿಸುತ್ತದೆ. ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು 144 ಹರ್ಟ್ಸ್ ಮಾನಿಟರ್ ತಗೊಳ್ತಿದ್ದೆ.

ಮಂಜೇಶ್ವರ ಕ್ಯಾಮೆರಾ:

ಒಂದು ಸಂಶಯ. ನೀವು "ಆಟದ ವಿಡಿಯೋ" ಅಂದದ್ದು ಯಾವ ಆಟ? ಕಂಪ್ಯೂಟರಿನದ್ದಾ, ಬಯಲಾಟವಾ?

ನೀರ್ಚಾಲು ಮಾಣಿ:

ಅಯ್ಯೋ, ಸರಿಯಾಗಿ ಬರೆಯಲಿಲ್ಲ ಅಲ್ವಾ. ಯಕ್ಷಗಾನ. ಊರಿನ ಆಟಗಳನ್ನು ನಾನೂ ಸೋದರಮಾವನ ಮಗನೂ ಸೇರಿ ಶೂಟ್ ಮಾಡುತ್ತೇವೆ. ಅವನು ಹೊಸ ಕ್ಯಾಮೆರಾ ತೆಗೆದುಕೊಂಡ ಮೇಲೆಯೇ ಈ ಕುಂಟಾಟ ಶುರು ಆದದ್ದು. ಹಳೆ ಕ್ಯಾಮೆರಾದ ಫೈಲು ಈಗಲೂ ನೀರಿನ ಹಾಗೆ ಓಡುತ್ತದೆ.

ಮಂಜೇಶ್ವರ ಕ್ಯಾಮೆರಾ:

ಹಾಗಾದರೆ ಕಥೆಯೇ ಬೇರೆ. ಹೊಸ ಕ್ಯಾಮೆರಾದ ಫೈಲನ್ನು ಮೀಡಿಯಾಇನ್ಫೋ ಎಂಬ ಸಾಫ್ಟ್‌ವೇರಿನಲ್ಲಿ ತೆರೆದು "ಕ್ರೋಮಾ" ಅಂತ ಇರುವ ಸಾಲು ನೋಡಿ. 4:2:2, 10 ಬಿಟ್ ಅಂತ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಅಂದರೆ ಸಾಮಾನ್ಯ 4:2:0ಕ್ಕಿಂತ ಬಣ್ಣದ ವಿವರ ಜಾಸ್ತಿ ಇರುವ ಫೈಲು. 3060ರ ಡಿಕೋಡರಿಗೆ (ವಿಡಿಯೋ ಫೈಲು ಬಿಚ್ಚುವ ಭಾಗ) 4:2:2 ಬಿಚ್ಚಲು ಬರುವುದಿಲ್ಲ. ಅದರ ನಂತರ ಬಂದ 40 ಸರಣಿಗೂ ಬರುವುದಿಲ್ಲ. ಕೆಲಸವೆಲ್ಲ ಪ್ರೊಸೆಸರ್ ತಲೆ ಮೇಲೆ ಬೀಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಟೈಮ್‌ಲೈನ್ ಓಡಿಸಿ, ಕಾರ್ಡಿನ ವಿಡಿಯೋ ಡಿಕೋಡ್ ಸೊನ್ನೆಯಲ್ಲಿ ಮಲಗಿರುತ್ತದೆ, ಪಾಪ 3600 ಮಾತ್ರ ನೂರಕ್ಕೆ ಮುಟ್ಟಿ ಏದುಸಿರು ಬಿಡುತ್ತಿರುತ್ತದೆ. 5060 ಸೇರಿದ 50 ಸರಣಿಯಲ್ಲಿ ಎನ್ವಿಡಿಯಾ 4:2:2 ಡಿಕೋಡ್, ಎನ್‌ಕೋಡ್ ಎರಡನ್ನೂ ಕೊಟ್ಟಿದೆ. ನನ್ನ ಕಣ್ಣಿಗೆ ಈ ಸರಣಿಯಲ್ಲಿ ನಿಜವಾಗಿ ಹೊಸದು ಇದೇ, ಆದರೆ ಗೇಮ್ ಆಡುವವರ ವಿಮರ್ಶೆಗಳಲ್ಲಿ ಇದಕ್ಕೆ ಒಂದು ಸಾಲು ಸಿಕ್ಕಿದರೆ ಹೆಚ್ಚು.

ಹಾಗಂತ ಈಗಲೇ ಭಾವನಿಗೆ ಮೆಸೇಜು ಹಾಕಬೇಡಿ. ಮೊದಲು ಪ್ರಾಕ್ಸಿ ಮಾಡಿ ನೋಡಿ. ದೊಡ್ಡ ಫೈಲಿನ ಸಣ್ಣ ನಕಲು ಮಾಡಿಟ್ಟು ಅದರಲ್ಲಿ ಕತ್ತರಿಸುವುದು, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲು. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ತಯಾರು. ನಾವು ಪೂರ್ವರಂಗದಿಂದ ಮಂಗಳದವರೆಗೆ ಎರಡು ಕ್ಯಾಮೆರಾದಲ್ಲಿ ತೆಗೆದದ್ದನ್ನು ಹೀಗೆಯೇ ಮಾಡುವುದು, ನನ್ನ ಕಾರ್ಡು ಈಗಲೂ 3060. ಮತ್ತೊಂದು, ಎಲ್ಲವನ್ನೂ 4:2:2ರಲ್ಲಿ ತೆಗೆಯುವ ಅಗತ್ಯ ಉಂಟಾ? ಬಣ್ಣದ ವೇಷಕ್ಕೆ, ಮುಖವರ್ಣಿಕೆಯ ಕೆಂಪು ಕಪ್ಪು ಗೆರೆಗಳಿಗೆ ಹತ್ತಿರ ಹೋಗುವ ಕ್ಯಾಮೆರಾಕ್ಕೆ ಇರಲಿ. ದೂರದಿಂದ ಇಡೀ ರಂಗಸ್ಥಳ ಹಿಡಿಯುವ ಕ್ಯಾಮೆರಾಕ್ಕೆ 4:2:0 ಧಾರಾಳ ಸಾಕು.

ಅಷ್ಟಾಗಿಯೂ ತೆಗೆದುಕೊಳ್ಳುವುದಾದರೆ 8 ಜಿಬಿಯದ್ದು ಬೇಡ. 5060 ಟಿಐ 16 ಜಿಬಿ ನೋಡಿ. ಅದೇ ಹೆಸರಿನಲ್ಲಿ 8 ಜಿಬಿಯದ್ದೂ ಬರುತ್ತದೆ, ಪೆಟ್ಟಿಗೆ ಮೇಲೆ ಓದಿ ತರಲು ಭಾವನಿಗೆ ಹೇಳಿ.

ಉಪ್ಪಳ ಸರ್ವಿಸ್:

ರಿಪೇರಿ ಮಾಡುವವನ ಎರಡು ಮಾತು. ಕಾರ್ಡು ಬದಲಿಸುವ ಮೊದಲು ಕ್ಯಾಬಿನೆಟ್ ಬಿಚ್ಚಿದ್ದೀರಾ? ಹೋದ ವಾರ ಒಬ್ಬರು "ಕಾರ್ಡು ಹಳತಾಯಿತು, ನಿಧಾನ" ಅಂತ ಒಂದು 3060 ತಂದರು. ಫ್ಯಾನ್ ತೆಗೆದರೆ ಹೀಟ್‌ಸಿಂಕಿನ ಸಂದಿಯಲ್ಲಿ ಧೂಳು ಕಂಬಳಿಯ ಹಾಗೆ ಕೂತಿದೆ, ಮಳೆಗಾಲದ ತೇವ ಹೀರಿ ಹೆಪ್ಪುಗಟ್ಟಿದೆ, ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ಬ್ರಷ್ ಹಾಕಿ, ಪೇಸ್ಟ್ ಬದಲಿಸಿ ಕೊಟ್ಟೆ. 84 ಡಿಗ್ರಿ ಇದ್ದದ್ದು 69ಕ್ಕೆ ಇಳಿಯಿತು. ಅವರೀಗ ಹೊಸ ಕಾರ್ಡಿನ ಸುದ್ದಿ ಎತ್ತುವುದಿಲ್ಲ, ನನಗೇ ನಷ್ಟ.

ದುಬೈಯಿಂದ ತರಿಸುವುದಾದರೆ ಆ ಕಂಪನಿ ಇಲ್ಲಿ ವಾರಂಟಿ ಕೊಡುತ್ತದಾ ಅಂತ ಮೊದಲೇ ಕೇಳಿ. ಅಲ್ಲಿನ ಬಿಲ್ಲು ಇಲ್ಲಿ ನಡೆಯದಿದ್ದರೆ ಮತ್ತೆ ಕಾರ್ಡನ್ನು ಭಾವನ ಕೈಯಲ್ಲೇ ವಾಪಸ್ ಕಳಿಸಬೇಕು. ಐದು ಸಾವಿರ ಉಳಿಯುತ್ತದೆ ಅಂತ ಅದನ್ನು ಕಟ್ಟಿಕೊಳ್ಳಬೇಡಿ. ಮಂಗಳೂರಿನಲ್ಲಿ ತೆಗೆದುಕೊಂಡರೆ ಕೈಗೆ ಬಿಲ್ಲಾದರೂ ಇರುತ್ತದೆ.

ತುಲಾ ತಿಂಗಳ ಸಿಡಿಲಂತೂ ನಮಗೆಲ್ಲ ಗೊತ್ತಿದ್ದದ್ದೇ. ನಾನೇ ಒಮ್ಮೆ ಗುಡುಗು ಕೇಳಿದ ಕೂಡಲೇ ಓಡಿ ಪ್ಲಗ್ ತೆಗೆದೆ, ಲ್ಯಾನ್ ವಯರು ಮರೆತೆ. ಮೋಡೆಮಿನ ದಾರಿಯಲ್ಲಿ ಬಂದು ಬೋರ್ಡು ಹೋಯಿತು. ಎರಡೂ ತೆಗೆಯಿರಿ.

ಕುಂಬಳೆಯ ಸ್ಕ್ರೂಡ್ರೈವರ್:

ಮಂಜೇಶ್ವರದವರು ಹೇಳಿದ್ದು ಸರಿ, ಯಕ್ಷಗಾನ ಅಂತ ನನಗೆ ಹೊಳೆಯಲೇ ಇಲ್ಲ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಇನ್ನೊಂದು ದಾರಿ ಉಂಟು, ಅದೇ ಬೋರ್ಡಿಗೆ ಹೊಸ ಪ್ರೊಸೆಸರ್ ರೈಝೆನ್ 5 5600 ಕೂರುತ್ತದೆ. ಬಯಾಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು, ಅದನ್ನು ಯುಪಿಎಸ್ ಇಟ್ಟುಕೊಂಡೇ ಮಾಡಿ. ನಡುವೆ ಕರೆಂಟು ಹೋದರೆ ಬೋರ್ಡು ಗೋವಿಂದ.

ನೀರ್ಚಾಲು ಮಾಣಿ:

ನೋಡಿದೆ. 4:2:2, 10 ಬಿಟ್ಟೇ. ಡಿಕೋಡ್ ಸೊನ್ನೆ, ಪ್ರೊಸೆಸರ್ 98. ನಿನ್ನೆ ರಾತ್ರಿ ಪ್ರಾಕ್ಸಿಗೆ ಹಾಕಿ ಮಲಗಿದೆ, ಮೂರು ಗಂಟೆಗೆ ಕರೆಂಟು ಹೋಗಿ ಅರ್ಧಕ್ಕೆ ನಿಂತಿತ್ತು. ಆದದ್ದಷ್ಟನ್ನು ಟೈಮ್‌ಲೈನಿಗೆ ಹಾಕಿದೆ, ಬೆಣ್ಣೆಯ ಹಾಗೆ ಓಡುತ್ತದೆ. ಕ್ಯಾಬಿನೆಟ್ಟೂ ಬಿಚ್ಚಿದೆ, ಹಲ್ಲಿ ಮೊಟ್ಟೆ ಇಲ್ಲ, ಇರುವೆ ಉಂಟು. ಭಾವನಿಗೆ ಕಾರ್ಡು ಬೇಡ ಅಂದೆ. ಈಗ ಅವನು "ಮತ್ತೆ ಎಂತ ತರಬೇಕು" ಅಂತ ಕೇಳುತ್ತಿದ್ದಾನೆ. 2 ಟಿಬಿ ಎಸ್‌ಎಸ್‌ಡಿ ಹೇಳಲಾ? ಪ್ರಾಕ್ಸಿಗೆ ಜಾಗ ಸಾಲುವುದಿಲ್ಲ.