ರಸ್ತೆ ಒತ್ತುವರಿಗೆ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕಿದವರು ಇದ್ದೀರಾ? ಅನುಭವ ಹೇಳಿ

ನಮ್ಮದು ಮೂವತ್ತು ಅಡಿ ರಸ್ತೆ. ಮೂಲೆ ಸೈಟಿನಲ್ಲಿ ಐದು ಮಹಡಿ ಎದ್ದಿದೆ. ಅದರ ಮೆಟ್ಟಿಲು ಮೋರಿ ದಾಟಿ ರಸ್ತೆಗೇ ಬಂದಿದೆ. ಅದನ್ನು ನೋಡಿ ಇನ್ನೂ ನಾಲ್ಕು ಮನೆಯವರು ರ‍್ಯಾಂಪ್, ಗ್ರಿಲ್ ಹಾಕಿಸಿಕೊಂಡಿದ್ದಾರೆ. ಕಳೆದ ವಾರ ಆಂಬುಲೆನ್ಸ್ ಒಳಗೆ ಬರಲಿಲ್ಲ. ಅಮ್ಮನನ್ನು ಸ್ಟ್ರೆಚರ್‌ನಲ್ಲಿ ಮೇನ್ ರೋಡ್‌ವರೆಗೆ ಹೊತ್ತೆವು. ಹೈಕೋರ್ಟ್‌ಗೆ ಹೋಗೋಣ ಅಂತಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಬನಶಂಕರಿ ಕಡೆಯವರು:
ಅಮ್ಮ ಈಗ ಹೇಗಿದ್ದಾರೆ? ನಾವು ಹಾಕಿದ್ದೆವು, ಅದಕ್ಕೇ ಬರೆಯುತ್ತಿದ್ದೇನೆ. ವಕೀಲರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಮಾತು, "ಯಾರಿಗೆ ದೂರು ಕೊಟ್ಟಿದ್ದೀರಿ, ಸೀಲ್ ಎಲ್ಲಿ?" ನಮ್ಮ ಹತ್ತಿರ ಇದ್ದದ್ದು ವಾಟ್ಸಾಪ್ ಫೋಟೋ, ಫೋನ್ ಕರೆಗಳು ಅಷ್ಟೇ. ವಾಪಸ್ ಬಂದೆವು. ದೂರಿನ ಎರಡು ಪ್ರತಿ ಮಾಡಿ, ಕಚೇರಿಯ ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದಕ್ಕೆ ತಾರೀಕು ಸಮೇತ ಸೀಲ್ ಹಾಕಿಸಿಕೊಳ್ಳಿ. ಆ ಹಾಳೆ ಇಲ್ಲದೆ ಮುಂದಿನದು ಯಾವುದೂ ನಡೆಯುವುದಿಲ್ಲ.

ಆಮೇಲೆ ಅಳತೆ. ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ, ಗಾಡಿಗಳು ಓಡಾಡುವ ಮುಂಚೆ, ಮೂವರು ಟೇಪ್ ಹಿಡಿದು ನಿಂತೆವು. ಒಬ್ಬರು ಚಾಕ್‌ಪೀಸಿನಲ್ಲಿ ಗೆರೆ ಎಳೆದರು. ಮೂವತ್ತು ಅಡಿ ಇರಬೇಕಾದ ಕಡೆ ಇಪ್ಪತ್ಮೂರೂವರೆ ಸಿಕ್ಕಿತು. ಟೇಪಿನ ಅಂಕಿ ಕಾಣುವ ಹಾಗೆ ಫೋಟೋ ತೆಗೆದೆವು.

ಲೇಔಟ್ ನಕ್ಷೆಗೆ, ಮಂಜೂರಾದ ಪ್ಲಾನ್‌ಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಾವು ಎರಡನ್ನೂ ಒಂದರಲ್ಲೇ ಕೇಳಿ ಒಂದು ತಿಂಗಳು ಕಳೆದುಕೊಂಡೆವು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ, ಬಿಡಬೇಡಿ. ನಮಗೆ ಸಿಕ್ಕ ಪ್ಲಾನ್‌ನಲ್ಲಿ ಎರಡೇ ಮಹಡಿ ಇತ್ತು. ನಿಂತಿದ್ದು ಐದು!

ಇನ್ನೊಂದು ಮಾತು ಹೇಳಲೇಬೇಕು. ಕೋರ್ಟಿನಲ್ಲಿ ಎದುರು ವಕೀಲರು ನಮ್ಮಲ್ಲೇ ಒಬ್ಬರ ಮನೆ ರ‍್ಯಾಂಪಿನ ಫೋಟೋ ತೋರಿಸಿದರು. ಅದೂ ರಸ್ತೆ ಮೇಲೇ ಇತ್ತು. ತಲೆ ಎತ್ತಲಾಗಲಿಲ್ಲ. ಕೊನೆಗೆ ಸರ್ವೆ ಮಾಡಿಸಲು ಆದೇಶ ಆಯಿತು, ಮೆಟ್ಟಿಲುಗಳು ಹೋದವು. ಮೇಲಿನ ಮಹಡಿಗಳಿಗೆ ಮಾಲೀಕರು ತಡೆಯಾಜ್ಞೆ ತಂದಿದ್ದಾರೆ, ಅದು ಇನ್ನೂ ನಡೆಯುತ್ತಿದೆ.

ವಕೀಲೆ, ಮಲ್ಲೇಶ್ವರ:
ಮೇಲಿನವರು ಹೇಳಿದ್ದು ಸರಿ. ನಾನಾಗಿದ್ದರೆ ದೂರನ್ನು ಎರಡು ಭಾಗ ಮಾಡುತ್ತೇನೆ: ರಸ್ತೆಗೆ ಬಂದಿರುವುದು ಬೇರೆ, ಜಾಸ್ತಿ ಮಹಡಿ ಬೇರೆ. ಕಟ್ಟಡ ಒಡೆಯುವ ಮೊದಲು 15 ದಿನದ ನೋಟಿಸ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗದ ಅಕ್ರಮ ಕಟ್ಟಡಕ್ಕೆ ಆ ನಿರ್ದೇಶನ ಅನ್ವಯಿಸುವುದಿಲ್ಲ. ಎರಡನ್ನೂ ಕಲಸಿದರೆ ಸುಲಭದ್ದೂ ನಿಂತುಹೋಗುತ್ತದೆ. ನಿಮ್ಮ ಮನೆಗೊಂದಕ್ಕೇ ತೊಂದರೆ ಅಂದರೆ ಅದು ಪಿಐಎಲ್ ಆಗುವುದಿಲ್ಲ, ಹೈಕೋರ್ಟಿಗೆ ನಿಮ್ಮದೇ ಹೆಸರಿನಲ್ಲಿ ಸಾಮಾನ್ಯ ರಿಟ್ ಅರ್ಜಿ ಸಾಕು. ಇಡೀ ಬೀದಿಯದ್ದು ಅಂದರೆ ನಾಲ್ಕಾರು ಮನೆಯವರು ಸೇರಿ ಹೋಗಿ. ಸ್ವಂತ ಲಾಭವಿಲ್ಲ ಅಂತ ಪ್ರಮಾಣಪತ್ರ ಕೊಡಬೇಕು. ಕಟ್ಟಿದವರನ್ನೂ ಪ್ರತಿವಾದಿ ಮಾಡಿ. ಅವರ ಮಾತು ಕೇಳದೆ ಯಾವ ಪೀಠವೂ ಒಡೆಯಿರಿ ಅನ್ನುವುದಿಲ್ಲ.

ವಿಜಯನಗರದಿಂದ:
ದೂರು ಯಾರ ಹೆಸರಿಗೆ ಅಂತ ನೋಡಿಕೊಳ್ಳಿ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಬಿಬಿಎಂಪಿ ಇಲ್ಲ, ಅದರ ಬದಲು ಐದು ನಗರ ಪಾಲಿಕೆಗಳಾಗಿವೆ. ನಿಮ್ಮ ಬೀದಿ ಯಾವುದಕ್ಕೆ ಸೇರುತ್ತದೋ ಅಲ್ಲಿನ ಆಯುಕ್ತರಿಗೆ ಬರೆಯಿರಿ.

ಒಬ್ಬ ಅಕ್ಕ, ಜೆ.ಪಿ. ನಗರ:
ಅರ್ಜಿಯಲ್ಲಿ ಮೂಲೆಯ ಎಳನೀರಿನವರನ್ನು, ಸೊಪ್ಪಿನ ಗಾಡಿಯವರನ್ನು ಸೇರಿಸಬೇಡಿ, ದಯವಿಟ್ಟು. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ವ್ಯಾಪಾರಿಗಳ ಸರ್ವೆ ಮುಗಿದು ಅವರಿಗೆ ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ. ನಮ್ಮ ಬೀದಿಯಲ್ಲಿ ಒತ್ತುವರಿ ತೆರವಿನ ಲಾರಿ ಬಂದಾಗ ಗಾಡಿಗಳೇ ಮೊದಲು ಹೋದವು. ಕಾಂಕ್ರೀಟ್ ಅಲ್ಲೇ ಉಳಿಯಿತು.

ಕೇಳಿದವರು:
ಅಮ್ಮ ಮನೆಗೆ ಬಂದಿದ್ದಾರೆ, ಪರವಾಗಿಲ್ಲ. ಎಲ್ಲರಿಗೂ ಧನ್ಯವಾದ. ಇದನ್ನು ಓದಿ ಹೊರಗೆ ಹೋಗಿ ನೋಡಿದೆ. ನಮ್ಮ ಮನೆ ಮುಂದಿನ ತುಳಸಿ ಕಟ್ಟೆ ಒಂದೂವರೆ ಅಡಿ ಮೋರಿ ಮೇಲಿದೆ. ಅಪ್ಪ ಕಟ್ಟಿಸಿದ್ದು. ಅಮ್ಮನಿಗೆ ಹೇಳಿದೆ, "ಗಿಡ ಒಳಗಿಡು, ಕಟ್ಟೆ ತೆಗೆಸು" ಅಂದರು. ನಾಳೆ ಮೇಸ್ತ್ರಿ ಬರುತ್ತಾರೆ. ಭಾನುವಾರ ಟೇಪ್ ಹಿಡಿಯುತ್ತೇವೆ.