ಪಾರ್ಕಿನಲ್ಲಿ ಒಂದು ದಿನದ ಮಟ್ಟಿಗೆ ಡಿಸ್ಕ್ ಗಾಲ್ಫ್ ಕೋರ್ಸ್ ಹಾಕುವುದು ಹೇಗೆ?

ಹೇಮಾವತಿ_ತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಶಾರ್ಲೆಟ್ ನಗರದಲ್ಲಿ. ನಮ್ಮ ಕನ್ನಡ ಸಂಘದ ಬೇಸಿಗೆಯ ವನಭೋಜನ ಈ ಬಾರಿಯೂ ಒಂದು ಸಾರ್ವಜನಿಕ ಪಾರ್ಕಿನಲ್ಲಿ ನಡೆಯಲಿದೆ. ಲಗೋರಿ, ಹಗ್ಗಜಗ್ಗಾಟಗಳ ಜೊತೆಗೆ ಈ ವರ್ಷ ಡಿಸ್ಕ್ ಗಾಲ್ಫ್ (ಫ್ರಿಸ್ಬಿಯಂಥ ಡಿಸ್ಕನ್ನು ಆದಷ್ಟು ಕಡಿಮೆ ಎಸೆತಗಳಲ್ಲಿ ಬಾಸ್ಕೆಟ್‌ಗೆ ಸೇರಿಸುವ ಆಟ) ಕೂಡ ಇರಲಿ ಎಂಬುದು ನಮ್ಮ ಹದಿಹರೆಯದ ಮಕ್ಕಳ ಆಸೆ. ಅದನ್ನು ನಡೆಸಿಕೊಡುವ ಹೊಣೆಯನ್ನು ನಾನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ. ಈ ಊರಿನ ಸುತ್ತಮುತ್ತ ಈ ಆಟಕ್ಕೆಂದೇ ಮಾಡಿದ ಶಾಶ್ವತವಾದ ಕೋರ್ಸ್‌ಗಳಿಗೇನೂ ಕೊರತೆಯಿಲ್ಲ. ಆದರೆ ಊರಿನಿಂದ ಬಂದಿರುವ ವಯಸ್ಸಾದ ತಂದೆ-ತಾಯಿಯರನ್ನೂ ಬಿಸಿಬೇಳೆಬಾತಿನ ಪಾತ್ರೆಗಳನ್ನೂ ಶೆಲ್ಟರ್‌ನಲ್ಲಿ (ಊಟಕ್ಕೆ ಕೂರುವ ಚಾವಣಿಯ ಮಂಟಪದಲ್ಲಿ) ಬಿಟ್ಟು ಅರ್ಧದಷ್ಟು ಜನ ಕಾಡಿನ ನಡುವಿನ ಕೋರ್ಸ್‌ಗೆ ಹೋಗಿಬಿಟ್ಟರೆ ವನಭೋಜನಕ್ಕೆ ಅರ್ಥವಿರುವುದಿಲ್ಲ. ಹಾಗಾಗಿ ಊಟ ನಡೆಯುವ ಪಾರ್ಕಿನಲ್ಲಿಯೇ, ಬೆಳಿಗ್ಗೆ ಹಾಕಿ ಸಂಜೆಗೆ ತೆಗೆದುಬಿಡುವಂಥ ಒಂದು ತಾತ್ಕಾಲಿಕ ಕೋರ್ಸ್ ಮಾಡಬೇಕೆಂದಿದ್ದೇವೆ.

ಆ ಪಾರ್ಕಿನಲ್ಲಿ ಅಗಲವಾದ ಹುಲ್ಲುಗಾವಲಿದೆ, ಅದರ ಅಂಚಿನಲ್ಲಿ ಎತ್ತರದ ಪೈನ್ ಮರಗಳಿವೆ, ಒಂದು ಬದಿಯಲ್ಲಿ ಮಕ್ಕಳ ಆಟದ ಜಾಗವಿದೆ, ಮತ್ತು ಹುಲ್ಲುಗಾವಲನ್ನು ಬಳಸಿಕೊಂಡು ಹೋಗುವ ಡಾಂಬರಿನ ಕಾಲುದಾರಿಯಲ್ಲಿ ದಿನವಿಡೀ ಜನ ನಡೆಯುತ್ತಿರುತ್ತಾರೆ. ನನಗಿರುವ ಮುಖ್ಯ ಚಿಂತೆ ಈ ಜನರದ್ದೇ. ಒಂಬತ್ತು ಬಾಸ್ಕೆಟ್‌ಗಳನ್ನು ಹೇಗೆ ಇಟ್ಟರೆ ಯಾರಿಗೂ ಡಿಸ್ಕ್ ತಗಲದಂತೆ ಆಡಬಹುದು? ಬಾಸ್ಕೆಟ್‌ಗಳನ್ನು ಕೊಳ್ಳಲೇಬೇಕೇ, ಅಥವಾ ಮರಗಳನ್ನೇ ಗುರಿಯಾಗಿ ಇಟ್ಟುಕೊಳ್ಳಬಹುದೇ? ಶೆಲ್ಟರ್ ಕಾಯ್ದಿರಿಸಿರುವುದಲ್ಲದೆ ಬೇರೆ ಅನುಮತಿಯೂ ಬೇಕಾಗುತ್ತದೆಯೇ? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಚೈನ್_ಸದ್ದು:

ಹೇಮಾವತಿ_ತೀರ ಅವರೇ, ನಿಮ್ಮ ಚಿಂತೆ ಇರಬೇಕಾದ ಕಡೆಯೇ ಇದೆ. ಬಾಸ್ಕೆಟ್ ಎಲ್ಲಿಡಬೇಕು ಎಂದು ಯೋಚಿಸುವ ಮೊದಲು, ವನಭೋಜನ ನಡೆಯುವ ವಾರದ ದಿನದಂದೇ, ಅದೇ ಹೊತ್ತಿಗೆ ಆ ಪಾರ್ಕಿಗೆ ಹೋಗಿ ಒಂದು ಗಂಟೆ ಸುಮ್ಮನೆ ಕುಳಿತು ನೋಡಿ. ಯಾವ ದಾರಿಯಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಬರುತ್ತಾರೆ, ನಾಯಿಗಳನ್ನು ಎಲ್ಲಿ ಬಿಡುತ್ತಾರೆ, ಕಾರು ನಿಲ್ಲಿಸಿದವರು ಹುಲ್ಲುಗಾವಲನ್ನು ಎಲ್ಲಿ ಅಡ್ಡ ಹಾಯುತ್ತಾರೆ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ, ಕಣ್ಣಿಗೆ ಕಾಣುತ್ತದೆ. ಅವರೆಲ್ಲ ಬಳಸುವ ಜಾಗವನ್ನು ಬಿಟ್ಟು ಉಳಿದದ್ದು ನಿಮ್ಮ ಕೋರ್ಸ್. ಉಳಿದ ಜಾಗದಲ್ಲಿ ಆರು ಹೋಲ್‌ಗಳಷ್ಟೇ (ಎಸೆಯುವ ಜಾಗದಿಂದ ಒಂದು ಬಾಸ್ಕೆಟ್‌ವರೆಗಿನ ಆಟದ ಹಾದಿಗೆ ಹೋಲ್ ಎನ್ನುತ್ತಾರೆ) ಹಿಡಿಸುತ್ತವೆ ಎಂದಾದರೆ ಆರೇ ಇರಲಿ. ಒಂಬತ್ತರ ಲೆಕ್ಕ ತುಂಬಿಸಲು ಕಾಲುದಾರಿಯ ಮೇಲಿಂದ ಎಸೆಯುವ ಹೋಲ್ ಒಂದನ್ನೂ ಇಡಬೇಡಿ.

ದಿಕ್ಕಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಅಪಾಯವಿರುವುದು ಇಲ್ಲಿಯೇ. ಬಲಗೈಯವರು ತೋಳನ್ನು ಎದೆಗೆ ಅಡ್ಡಲಾಗಿ ತಂದು ಎಸೆದಾಗ ಡಿಸ್ಕ್ ವೇಗ ಕಳೆದುಕೊಳ್ಳುತ್ತಾ ಕೊನೆಯಲ್ಲಿ ಎಡಕ್ಕೆ ಬಾಗಿ ಇಳಿಯುತ್ತದೆ. ಇದು ಸಹಜವಾದ ಹಾರಾಟ, ಮೊದಲೇ ಊಹಿಸಬಹುದಾದದ್ದು. ಆದರೆ ಹೊಸಬರು ಡಿಸ್ಕನ್ನು ಬಿಡುವುದರಲ್ಲಿ ಕ್ಷಣಮಾತ್ರ ತಡ ಮಾಡಿದರೂ ಅದು ಆರಂಭದಲ್ಲಿಯೇ ಬಲಕ್ಕೆ ಸಿಡಿದು ಪೂರ್ಣ ವೇಗದಲ್ಲಿ ಹೋಗುತ್ತದೆ, ಮತ್ತು ಜನರಿಗೆ ಪೆಟ್ಟಾಗುವ ಸಂಭವ ಹೆಚ್ಚಿರುವುದು ಈ ಎಸೆತದಿಂದ. ಆದ್ದರಿಂದ ಟೀಯಲ್ಲಿ, ಎಂದರೆ ಮೊದಲ ಎಸೆತ ಎಸೆಯುವ ಜಾಗದಲ್ಲಿ, ನಿಂತವರ ಬಲಗಡೆಗೆ ಮರಗಳ ಸಾಲೋ ಇಳಿಜಾರೋ ಬರುವಂತೆ, ಕಾಲುದಾರಿ ಮತ್ತು ಮಕ್ಕಳ ಆಟದ ಜಾಗ ಬೆನ್ನ ಹಿಂದೆ ಉಳಿಯುವಂತೆ ಪ್ರತಿಯೊಂದು ಹೋಲನ್ನೂ ತಿರುಗಿಸಿ. ನೂರೈವತ್ತು ಅಡಿಯ ಹೋಲ್‌ಗೆ ಎರಡೂ ಬದಿಯಲ್ಲಿ ಅರವತ್ತು ಅಡಿಯಾದರೂ ಖಾಲಿ ಜಾಗ ಇರಲಿ ಎಂಬುದು ನಾನು ಪಾಲಿಸುವ ಅಳತೆ. ಎಡಗೈಯವರಿಗೆ ಇದೆಲ್ಲವೂ ತಿರುವುಮುರುವಾಗುತ್ತದೆ ಎಂಬುದನ್ನೂ ನೆನಪಿಡಿ.

ಬಾಸ್ಕೆಟ್ ದಾಟಿ ಹೋದ ಡಿಸ್ಕ್ ಅದರ ಹಿಂದಿನ ಜಾಗದಲ್ಲಿ ಬೀಳುತ್ತದೆಯಾದ್ದರಿಂದ ಮುಂದಿನ ಹೋಲ್‌ನ ಟೀಯನ್ನು ಬಾಸ್ಕೆಟ್‌ನ ನೇರ ಹಿಂದೆ ಇಡದೆ, ಪಕ್ಕಕ್ಕೆ ಸರಿಸಿ ಇಡಬೇಕು. ಎರಡು ಫೇರ್‌ವೇಗಳು, ಎಂದರೆ ಟೀಯಿಂದ ಬಾಸ್ಕೆಟ್‌ಗೆ ಡಿಸ್ಕ್ ಹಾರುವ ದಾರಿಗಳು, ಒಂದನ್ನೊಂದು ಕತ್ತರಿಸಬಾರದು. ಎಲ್ಲಿಯಾದರೂ ದಾರಿಯ ಹತ್ತಿರ ಬರಲೇಬೇಕಾದರೆ ಮ್ಯಾಂಡೊ ಬಳಸಿ. ಎಂದರೆ ಒಂದು ಮರಕ್ಕೆ ಬಾಣದ ಗುರುತು ಕಟ್ಟಿ, ಡಿಸ್ಕ್ ಆ ಮರದ ಇಂಥ ಬದಿಯಿಂದಲೇ ಹಾದುಹೋಗಬೇಕು, ತಪ್ಪಿದರೆ ಒಂದು ಎಸೆತದ ದಂಡ ಎಂದು ನಿಯಮ ಮಾಡಿ. ದಂಡಕ್ಕೆ ಅಂಜಿಯಾದರೂ ಆಟಗಾರ ತಾನಾಗಿಯೇ ದಾರಿಯಿಂದ ದೂರಕ್ಕೆ ಗುರಿ ಹಿಡಿಯುತ್ತಾನೆ.

ಹೋಲ್‌ಗಳ ಉದ್ದ 120ರಿಂದ 180 ಅಡಿಯೊಳಗೆ ಇರಲಿ. ಓಡಿಬಂದು ಎಸೆಯುವುದನ್ನು ಬಿಟ್ಟು ನಿಂತಲ್ಲಿಂದಲೇ ಎಸೆಯಬೇಕೆಂದು ಹೇಳಿದರೆ ದಾರಿ ತಪ್ಪುವ ಡಿಸ್ಕ್‌ಗಳು ಬಹಳ ಕಡಿಮೆಯಾಗುತ್ತವೆ, ಮೇಲಾಗಿ ಕೆರೊಲಿನಾದ ಕೆಂಪು ಜೇಡಿಮಣ್ಣಿನ ಮೇಲೆ ಮಳೆ ಬಿದ್ದಾಗ ಜಾರಿ ಬೀಳುವ ಭಯವೂ ಇರುವುದಿಲ್ಲ. ಆರು ಹೋಲ್‌ಗಳಿದ್ದರೆ ನಾಲ್ಕು ನಾಲ್ಕು ಜನರ ಆರು ಗುಂಪುಗಳನ್ನು ಒಂದೊಂದು ಹೋಲ್‌ನಲ್ಲಿ ನಿಲ್ಲಿಸಿ, ಸೀಟಿ ಊದಿದೊಡನೆ ಎಲ್ಲರೂ ಒಟ್ಟಿಗೆ ಆರಂಭಿಸಬಹುದು. ಇಪ್ಪತ್ನಾಲ್ಕು ಜನ ಕಾಯದೆ ಆಡುತ್ತಾರೆ, ಸುಮಾರು ಒಂದು ಗಂಟೆಯಲ್ಲಿ ಸುತ್ತು ಮುಗಿಯುತ್ತದೆ. ಪ್ರತಿ ಗುಂಪಿನಲ್ಲಿ ಒಬ್ಬರು ಮುಂದೆ ಹೋಗಿ ಬಾಸ್ಕೆಟ್‌ನ ಪಕ್ಕಕ್ಕೆ ದೂರ ನಿಂತು ದಾರಿಹೋಕರನ್ನು ಗಮನಿಸಲಿ. ಅವರು ಕೈ ಎತ್ತುವವರೆಗೆ ಯಾರೂ ಎಸೆಯಬಾರದು.

ಅನುಮತಿ ಬೇಕೇ ಬೇಕು. ಶೆಲ್ಟರ್ ಕಾಯ್ದಿರಿಸಿದರೆ ಸಾಮಾನ್ಯವಾಗಿ ಶೆಲ್ಟರ್ ಮಾತ್ರ ನಿಮ್ಮದಾಗುತ್ತದೆ, ಹುಲ್ಲುಗಾವಲು ಎಲ್ಲರದ್ದಾಗಿಯೇ ಉಳಿಯುತ್ತದೆ. ಶಾರ್ಲೆಟ್‌ನ ಪಾರ್ಕ್‌ಗಳನ್ನು ನೋಡಿಕೊಳ್ಳುವುದು ಮೆಕ್ಲನ್‌ಬರ್ಗ್ ಕೌಂಟಿಯ ಪಾರ್ಕ್ ಮತ್ತು ಮನರಂಜನಾ ಇಲಾಖೆ. ಕೋರ್ಸ್‌ನ ಕೈನಕ್ಷೆ ಹಿಡಿದುಕೊಂಡು ಅಲ್ಲಿಗೆ ಹೋಗಿ, ವಿಮೆಯ ಪ್ರಮಾಣಪತ್ರ ಬೇಕೇ ಎಂದು ವಿಚಾರಿಸಿ, ನೆಲಕ್ಕೆ ಗೂಟ ಹೊಡೆಯಬಹುದೇ ಎಂಬುದನ್ನೂ ಕೇಳಿ. ಹುಲ್ಲಿನ ಕೆಳಗೆ ನೀರಿನ ಕೊಳವೆಗಳಿದ್ದರೆ ಗೂಟಕ್ಕೆ ಒಪ್ಪುವುದಿಲ್ಲ.

ಸಾಧ್ಯವಾದರೆ ಅಕ್ಟೋಬರ್‌ನಲ್ಲಿ ನಿಮ್ಮಿಂದ ದಕ್ಷಿಣಕ್ಕೆ ಹತ್ತಿರದಲ್ಲಿರುವ ರಾಕ್ ಹಿಲ್‌ಗೆ ಹೋಗಿ ಬನ್ನಿ. ಅಲ್ಲಿನ ವಿನ್‌ತ್ರಾಪ್ ವಿಶ್ವವಿದ್ಯಾಲಯದ ಕೆರೆಯ ಸುತ್ತಲಿನ ಬಯಲಿನಲ್ಲಿ 1999ರಿಂದ ಅಮೆರಿಕದ ಡಿಸ್ಕ್ ಗಾಲ್ಫ್ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಉಳಿದ ದಿನಗಳಲ್ಲಿ ಸಾಧಾರಣವಾಗಿ ಕಾಣುವ ಬಯಲಿಗೆ ಪಂದ್ಯದ ವಾರದಲ್ಲಿ ಉದ್ದುದ್ದ ಹಗ್ಗಗಳನ್ನು ಎಳೆದು, ಡಿಸ್ಕ್ ದಾಟಿದರೆ ದಂಡ ಬೀಳುವ ಹೊರಗೆರೆ ಮಾಡುತ್ತಾರೆ, ಹದಿನೇಳನೆಯ ಹೋಲ್‌ನಲ್ಲಿ ಬಾಸ್ಕೆಟ್‌ನ ಸುತ್ತ ಒಣಹುಲ್ಲಿನ ಪಿಂಡಿಗಳನ್ನು ಜೋಡಿಸುತ್ತಾರೆ. ಬರೀ ಹಗ್ಗ ಮತ್ತು ಹುಲ್ಲಿನಿಂದ ಜಗತ್ತಿನ ಅತ್ಯುತ್ತಮ ಆಟಗಾರರನ್ನೂ ಕಟ್ಟಿಹಾಕುವ ಕೋರ್ಸ್ ಅಲ್ಲಿ ಎದ್ದು ನಿಲ್ಲುವುದನ್ನು ನೋಡಿದರೆ ತಾತ್ಕಾಲಿಕ ಕೋರ್ಸ್ ಎಂದರೆ ಕಳಪೆ ಕೋರ್ಸ್ ಎಂಬ ಭಾವನೆ ಯಾರಲ್ಲಿಯೂ ಉಳಿಯುವುದಿಲ್ಲ.

ರಾಚೆಸ್ಟರ್_ವಾಸಿ:

ಮೇಲಿನ ಉತ್ತರ ಸೊಗಸಾಗಿದೆ. ಬಾಸ್ಕೆಟ್ ಕೊಳ್ಳಬೇಕೇ ಎಂಬ ಪ್ರಶ್ನೆಗೆ ಮಾತ್ರ ನಾನು ಉತ್ತರಿಸುತ್ತೇನೆ. ಈ ಆಟ ಹುಟ್ಟಿದ್ದೇ ಬಾಸ್ಕೆಟ್ ಇಲ್ಲದೆ. ನಾನಿರುವ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ 1970ರ ದಶಕದ ಆರಂಭದಲ್ಲಿಯೇ ಒಂದು ಗುಂಪು ಪಾರ್ಕಿನ ಮರಗಳನ್ನೂ ದೀಪದ ಕಂಬಗಳನ್ನೂ ಗುರಿಯಾಗಿಟ್ಟುಕೊಂಡು ಆಡುತ್ತಿತ್ತು, ಮತ್ತು ಅವರೇ 1974ರಲ್ಲಿ ಇಲ್ಲಿ ದೊಡ್ಡ ಪಂದ್ಯಾವಳಿಯೊಂದನ್ನು ನಡೆಸಿದರು. ಎಡ್ ಹೆಡ್ರಿಕ್ ಅವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಕೋರ್ಸ್ ಮಾಡಿದಾಗಲೂ ಗುರಿಗಳಾಗಿದ್ದವು ಬರಿಯ ಕಂಬಗಳು. ಡಿಸ್ಕ್ ಕಂಬಕ್ಕೆ ತಗಲಿತೋ ಇಲ್ಲವೋ ಎಂಬ ವಾದ ಮುಗಿಯದಾದಾಗ ಅವರು ಚೈನುಗಳುಳ್ಳ ಬಾಸ್ಕೆಟನ್ನು ರೂಪಿಸಿ 1977ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಒಂದು ದಿನದ ಆಟಕ್ಕೆ ಆರು ಬಾಸ್ಕೆಟ್‌ಗಳ ಖರ್ಚು ಸಂಘಕ್ಕೆ ಭಾರವೆನಿಸಿದರೆ ಮರಗಳನ್ನೇ ಬಳಸಿ. ಕಾಂಡದ ಮೇಲೆ ಮೊಣಕಾಲಿನ ಎತ್ತರಕ್ಕೆ ಒಂದು, ತಲೆಯ ಎತ್ತರಕ್ಕೆ ಒಂದು ಬಟ್ಟೆಯ ಪಟ್ಟಿ ಕಟ್ಟಿ, ಎರಡರ ನಡುವೆ ತಗಲಿದರೆ ಹೋಲ್ ಮುಗಿಯಿತು ಎಂದು ಒಪ್ಪಂದ ಮಾಡಿಕೊಂಡರೆ ಸಾಕು.

ಚೈನ್_ಸದ್ದು:

ರಾಚೆಸ್ಟರ್_ವಾಸಿ ಅವರೇ, ಇತಿಹಾಸವನ್ನು ನೆನಪಿಸಿದ್ದಕ್ಕೆ ಧನ್ಯವಾದ. ಆದರೆ ಮರದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಹಳೆಯ ಕೋರ್ಸ್‌ಗಳಲ್ಲಿ ಟೀಯ ಎದುರಿನ ಮರಗಳನ್ನು ಹತ್ತಿರದಿಂದ ನೋಡಿದರೆ ಎದೆಯ ಎತ್ತರದಲ್ಲಿ ತೊಗಟೆ ಚೂರುಚೂರಾಗಿ ಎದ್ದು, ಒಳಗಿನ ತಿಳಿಬಣ್ಣದ ಕಟ್ಟಿಗೆಯ ಮೇಲೆ ಗೀರುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ತಪ್ಪಿ ತಗಲುವ ಏಟಿನಿಂದಲೇ ಹೀಗಾಗುವಾಗ ಬೇಕೆಂದೇ ಒಂದೇ ಕಾಂಡಕ್ಕೆ ಇಪ್ಪತ್ನಾಲ್ಕು ಜನ ಎಸೆಯುವುದನ್ನು ನಾನು ಒಪ್ಪಲಾರೆ. ಎಳೆಯ ಮರವಾದರಂತೂ ಬೇಡವೇ ಬೇಡ. ಪಾರ್ಕಿನವರು ಮುಂದಿನ ವರ್ಷ ನಿಮಗೆ ಅನುಮತಿ ಕೊಡುವುದೂ ಬಿಡುವುದೂ ನೀವು ಬಿಟ್ಟುಹೋದ ಮರಗಳ ಸ್ಥಿತಿಯನ್ನು ನೋಡಿಯೇ. ಸ್ಥಳೀಯ ಕ್ಲಬ್‌ಗಳ ಬಳಿ ಮಡಚುವ ಬಾಸ್ಕೆಟ್‌ಗಳಿರುತ್ತವೆ, ಹೊಸಬರಿಗೆ ಆಟ ಕಲಿಸಲು ಎಂದರೆ ಎರವಲು ಕೊಡುವ ಮನಸ್ಸಿನವರೂ ಇರುತ್ತಾರೆ. ಮೊದಲು ಅವರನ್ನು ಕೇಳಿ ನೋಡಿ.

ಬೆಂಗಳೂರು_ಅಲ್ಟಿಮೇಟ್:

ನಾನು ಬೆಂಗಳೂರಿನಲ್ಲಿ ಅಲ್ಟಿಮೇಟ್ (ಡಿಸ್ಕ್ ಎಸೆದು ಹಿಡಿಯುವ ತಂಡದ ಆಟ) ಆಡುವವಳು, ಡಿಸ್ಕ್ ಗಾಲ್ಫ್‌ನ ಅನುಭವ ಕಡಿಮೆ. ಆದರೆ ಯಾವ ಡಿಸ್ಕ್ ಕೊಡಬೇಕು ಎಂಬುದರ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಗಾಲ್ಫ್ ಡಿಸ್ಕ್‌ಗಳಲ್ಲಿ ದೂರದ ಎಸೆತಕ್ಕೆಂದಿರುವ ಡ್ರೈವರ್ ಎನ್ನುವುದರ ಅಂಚು ತೆಳ್ಳಗೆ ಚೂಪಾಗಿರುತ್ತದೆ. ಅಗಲ ಸುಮಾರು 21 ಸೆಂಟಿಮೀಟರ್ ಮಾತ್ರವಿದ್ದು ತೂಕವೆಲ್ಲ ಅಂಚಿನಲ್ಲಿಯೇ ಕೂಡಿರುವುದರಿಂದ ಅದು ತಗಲಿದರೆ ಗಾಯ ಖಂಡಿತ. ಅದನ್ನು ವೇಗವಾಗಿ ಎಸೆಯಲಾರದ ಹೊಸಬರ ಕೈಯಲ್ಲಿ ಅದು ದೂರಕ್ಕೂ ಹೋಗುವುದಿಲ್ಲ, ಬೇಗನೆ ಎಡಕ್ಕೆ ಕುಸಿಯುತ್ತದೆ. ಆದ್ದರಿಂದ ಎಲ್ಲರಿಗೂ ಹತ್ತಿರದ ಎಸೆತಕ್ಕೆಂದಿರುವ ಪುಟ್ಟರ್ ಡಿಸ್ಕ್ ಒಂದೊಂದನ್ನು ಮಾತ್ರ ಕೊಡಿ. ಅದರ ಅಂಚು ಮೊಂಡಾಗಿರುತ್ತದೆ, ಹಾರಾಟ ನೇರವಾಗಿ, ನಿಧಾನವಾಗಿ ಇರುತ್ತದೆ. 180 ಅಡಿಯ ಹೋಲ್‌ಗಳಿಗೆ ಬೇರೇನೂ ಬೇಕಾಗಿಲ್ಲ.

ಹತ್ತು ವರ್ಷದೊಳಗಿನ ಮಕ್ಕಳಿಗೆ ನಾವು ಅಲ್ಟಿಮೇಟ್‌ನಲ್ಲಿ ಬಳಸುವಂಥ ಅಗಲವಾದ, ಗುಂಡಂಚಿನ ಡಿಸ್ಕ್ ಇನ್ನೂ ಒಳ್ಳೆಯದು. ದೊಡ್ಡವರದ್ದು 175 ಗ್ರಾಂ ತೂಗುತ್ತದೆ, ಮಕ್ಕಳಿಗೆಂದೇ ಹಗುರವಾದವೂ ಸಿಗುತ್ತವೆ. ಅವರಿಗೆ ನೆಲದ ಮೇಲೆ ಹುಲಾ ಹೂಪ್ ಇಟ್ಟು, ಅದರೊಳಗೆ ಬಿದ್ದರೆ ಸಾಕು ಎಂದು ಶೆಲ್ಟರ್‌ನ ಪಕ್ಕದಲ್ಲಿಯೇ ಮೂರು ಪುಟ್ಟ ಹೋಲ್‌ಗಳನ್ನು ಮಾಡಿಕೊಡಿ. ಅಜ್ಜ-ಅಜ್ಜಿಯರೂ ಅಲ್ಲಿ ಧಾರಾಳವಾಗಿ ಆಡಬಹುದು. ಎಸೆಯುವಾಗ ತೋಳ್ಬಲಕ್ಕಿಂತ ಮಣಿಕಟ್ಟಿನಿಂದ ಕೊಡುವ ಸುತ್ತು ಮುಖ್ಯ ಎಂಬ ಒಂದೇ ಮಾತನ್ನು ಆರಂಭದಲ್ಲಿ ಹೇಳಿಕೊಟ್ಟರೆ ಅರ್ಧ ಕಲಿಕೆ ಮುಗಿದಂತೆ. ಸುತ್ತಿಲ್ಲದ ಡಿಸ್ಕ್ ಎಷ್ಟು ಜೋರಾಗಿ ಎಸೆದರೂ ಓಲಾಡಿ ಬೀಳುತ್ತದೆ.

ಹೇಮಾವತಿ_ತೀರ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂಬತ್ತರ ಹಟ ಬಿಟ್ಟು ಆರು ಹೋಲ್‌ಗಳ ಕೋರ್ಸ್ ಮಾಡುವುದೆಂದೂ, ಎಲ್ಲರಿಗೂ ಪುಟ್ಟರ್ ಮಾತ್ರ ಕೊಡುವುದೆಂದೂ, ಮಕ್ಕಳಿಗೆ ಮತ್ತು ಹಿರಿಯರಿಗೆ ಹುಲಾ ಹೂಪ್‌ಗಳನ್ನು ಇಡುವುದೆಂದೂ ನಮ್ಮ ಸಮಿತಿಯಲ್ಲಿ ಮಾತಾಯಿತು. ಮರಗಳನ್ನು ಗುರಿಯಾಗಿಸುವುದಿಲ್ಲ. ಇನ್ನೊಂದು ಸಂದೇಹ: ಆರನೆಯ ಹೋಲ್ ಪೈನ್ ಮರಗಳ ಅಂಚಿಗೆ ಬರುತ್ತದೆ. ಡಿಸ್ಕ್ ಮರಗಳೊಳಗೆ ಹೋದರೆ ಅಲ್ಲಿಂದಲೇ ಆಡಬೇಕೇ? ಮಧ್ಯಾಹ್ನ ಗುಡುಗು ಬಂದರೆ ಎಷ್ಟು ಹೊತ್ತು ಆಟ ನಿಲ್ಲಿಸಬೇಕು?

ಚೈನ್_ಸದ್ದು:

ಮರಗಳ ಅಂಚನ್ನೇ ಹೊರಗೆರೆ ಎಂದು ಘೋಷಿಸಿಬಿಡಿ. ಒಳಗೆ ಹೋದ ಡಿಸ್ಕ್‌ಗೆ ಒಂದು ಎಸೆತದ ದಂಡ ಹಾಕಿ, ಅದು ಗೆರೆ ದಾಟಿದ ಜಾಗದಿಂದ ಹುಲ್ಲಿನ ಮೇಲೆ ನಿಂತು ಮುಂದುವರಿಸಲಿ. ನಿಮ್ಮ ಕಡೆಯ ಕಾಡಂಚುಗಳಲ್ಲಿ ಪಾಯ್ಸನ್ ಐವಿ ಎಂಬ ಬಳ್ಳಿ ಧಾರಾಳವಾಗಿ ಬೆಳೆಯುತ್ತದೆ. ಒಂದೊಂದು ತೊಟ್ಟಿಗೆ ಮೂರು ಮೂರು ಎಲೆಗಳಿರುವ ಈ ಬಳ್ಳಿ ಸೋಂಕಿದರೆ ಚರ್ಮದ ಮೇಲೆ ದಿನಗಟ್ಟಲೆ ಉರಿಯುವ ಬೊಕ್ಕೆಗಳೇಳುತ್ತವೆ. ಊರಿನಿಂದ ಬಂದ ಹಿರಿಯರಿಗೆ ಅದರ ಗುರುತಿರುವುದಿಲ್ಲ. ರಕ್ತ ಹೀರುವ ಉಣ್ಣಿಗಳ ಕಾಟವೂ ಅಲ್ಲಿಯೇ ಹೆಚ್ಚು. ಡಿಸ್ಕ್ ಹುಡುಕಲು ಉದ್ದ ಪ್ಯಾಂಟ್ ತೊಟ್ಟ ಇಬ್ಬರನ್ನು ಮೊದಲೇ ಗೊತ್ತುಮಾಡಿ, ಬೇರೆ ಯಾರನ್ನೂ ಒಳಗೆ ಬಿಡಬೇಡಿ.

ಗುಡುಗು ಕೇಳಿದ ತಕ್ಷಣ ಮೂರು ಸಲ ಸೀಟಿ ಊದಿ ಆಟ ನಿಲ್ಲಿಸಿ, ಎಲ್ಲರನ್ನೂ ಕಾರುಗಳೊಳಗೆ ಕೂರಿಸಿ. ಸುತ್ತ ಗೋಡೆಯಿಲ್ಲದ ಶೆಲ್ಟರ್ ಸಿಡಿಲಿನಿಂದ ಕಾಪಾಡುವುದಿಲ್ಲ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆದ ಮೇಲೆಯೇ ಮತ್ತೆ ಆರಂಭಿಸಿ. ಸಂಜೆ ತೆಗೆಯುವಾಗ ಟೀಗಳಿಗೆ ನೆಟ್ಟ ಬಾವುಟಗಳನ್ನು ಎಣಿಸಿಕೊಂಡು ಹೊರಡಿ. ಹುಲ್ಲಿನಲ್ಲಿ ಉಳಿದುಹೋದ ಬಾವುಟದ ಒಂದು ತಂತಿಯೂ ಮರುದಿನ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ.