ಹಳ್ಳಿ ಶಾಲಿಯೊಳಗ ವಿಜ್ಞಾನ ಮೇಳ: ಏನೇನು ಇಡೋಣ್ರಿ?

ಪ್ರಶ್ನೆ: ಫೆಬ್ರವರಿ 28ರ ವಿಜ್ಞಾನ ದಿನಕ್ಕ ಚಿತ್ತಾಪುರ ಕಡಿ ನಮ್ಮ ಯುವಕ ಸಂಘದಿಂದ ಮೇಳ ಅದ. 6ರಿಂದ 9ನೇ ಕ್ಲಾಸಿನ 20 ಹುಡುಗರು. ರೊಕ್ಕ ಕಮ್ಮಿ, ಕರೆಂಟ್ ನಂಬಂಗಿಲ್ಲ. ಯಾವ ಪ್ರಯೋಗ ಛಲೋ?

ಉತ್ತರ 1: ಜ್ವಾಲಾಮುಖಿ ಮಾದರಿ ಒಂದ್ ಬ್ಯಾಡ್ರಿ, ನೋಡಿ ನೋಡಿ ಸಾಕಾಗ್ಯದ. ನಿಮ್ಮಲ್ಲಿ ಶಹಾಬಾದ್ ಕಲ್ಲಿನ ಚೂರು ಪುಕ್ಕಟೆ ಸಿಗ್ತಾವ, ಅದು ಸುಣ್ಣದಕಲ್ಲು. ಒಂದು ಗ್ಲಾಸಿಗೆ 5 ಗ್ರಾಂ ತುಂಡು, ಇನ್ನೊಂದಕ್ಕ ಕುಟ್ಟಿದ 5 ಗ್ರಾಂ ಪುಡಿ. ಎರಡಕ್ಕೂ 20 ಮಿಲಿ ವಿನೆಗರ್. ಪುಡಿಯೊಳಗ ಗುಳ್ಳಿ ಜೋರು, ಯಾಕಂದ್ರ ಆಮ್ಲ ಮುಟ್ಟೋ ಮೈ ಜಾಸ್ತಿ. ತೂಕ ಒಂದೇ ಇರ್ಲಿಲ್ಲಂದ್ರ ಹೋಲಿಕಿಗೆ ಅರ್ಥ ಇಲ್ಲ. ಬಾಜೂಕ ಬಸಾಲ್ಟ್ ಅನ್ನೋ ಕರಿ ಕಲ್ಲಿನ ಚೂರು ಇಟ್ಟು ವಿನೆಗರ್ ಹಾಕ್ರಿ, ಅದು ಸುಣ್ಣದಕಲ್ಲಲ್ಲ, ಸುಮ್ಮನ ಕೂಡ್ತದ.

ಉತ್ತರ 2: ನಿಂಬೆ ಬ್ಯಾಟರಿನೂ ಇಡ್ರಿ. ಹಣ್ಣಿಗೊಂದು ತಾಮ್ರದ ತಂತಿ, ಒಂದು ಸತುವಿನ ಲೇಪದ ಮೊಳೆ, ಒಳಗ ಒಂದಕ್ಕೊಂದು ಮುಟ್ಟಬಾರದು. ಒಂದು ಹಣ್ಣಿಗೆ ಸುಮಾರು 0.9 ವೋಲ್ಟ್. ಕೆಂಪು ಎಲ್‌ಇಡಿಗೆ (ಸಣ್ಣ ದೀಪ) 1.8 ವೋಲ್ಟ್ ಸಾಕಂದ್ರೂ ದೀಪ ಜೋಡಿಸಿದ ಮ್ಯಾಲೆ ಹಣ್ಣಿನ ವೋಲ್ಟ್ ಇಳೀತದ, ಅದಕ್ಕ 4 ಹಣ್ಣು ಸರಣಿಯೊಳಗ (ಒಂದರ ತಾಮ್ರ ಮುಂದಿನದರ ಮೊಳೆಗೆ) ಜೋಡಿಸ್ರಿ. ಎಲ್‌ಇಡಿಯ ಉದ್ದನ ಕಾಲು ತುದಿಯ ತಾಮ್ರದ ಕಡಿ, ಗಿಡ್ಡ ಕಾಲು ಇನ್ನೊಂದು ತುದಿಯ ಮೊಳೆ ಕಡಿ. ಬಿಳಿ ಎಲ್‌ಇಡಿ ತರಬ್ಯಾಡ್ರಿ, 3 ವೋಲ್ಟ್ ಬೇಡ್ತದ. ಬೆಳಕು ಮಂದ ಇರ್ತದ, ಕರಿ ಹಾಳಿ ಸುತ್ತಿ ಕೊಳವಿ ಮಾಡಿ ಒಳಗ ಇಣುಕಿಸ್ರಿ. ಮುಗದ ಮ್ಯಾಲೆ ಆ ಹಣ್ಣಿನ ಶರಬತ್ತು ಮಾಡಬ್ಯಾಡ್ರಿ, ಸತು ಕರಗಿರ್ತದ.

ಉತ್ತರ 3: ಮೇಳಕ್ಕ ಥರ್ಮೋಕೋಲ್ ಮಾದರಿ ಮಾಡಿದ್ರ, ಅದಕ್ಕ ಸ್ಪ್ರೇ ಪೇಂಟ್ ಹೊಡದ್ರ ತೂತು ಬೀಳ್ತದ, ನೀರಿನ ಬಣ್ಣನ ಹಚ್ರಿ.